ಮಿದುಳಿನ ನೀರುಗಂಟಿ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳು ನದಿಯ ನೀರನ್ನು ನಂಬಿ ಬದುಕುವ ಸೀಮೆ. ನಂಜನಗೂಡನ್ನು ಬಳಸಿ ಹರಿಯುವ ಕಪಿಲೆಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಈ ನದಿಗಳಿಗೆ ಕಟ್ಟಿದ ಅಣೆಕಟ್ಟುಗಳಿಂದ ಹೊರಟ ಹುಲ್ಲಹಳ್ಳಿ, ರಾಂಪುರ, ಮಾಧವಮಂತ್ರಿ ನಾಲೆಗಳು ಗದ್ದೆಗಳಿಗೆ ನೀರುಣಿಸುತ್ತವೆ. ಆದರೆ ನಾಲೆಯಲ್ಲಿ ನೀರು ತುಂಬಿ ಹರಿದ ಮಾತ್ರಕ್ಕೆ ಪೈರು ಬೆಳೆಯದು. ಏರಿ ಒಡೆದು ನೀರು ನುಗ್ಗಿದರೆ ಪೈರು ಕೊಳೆಯುತ್ತದೆ; ತೂಬು ತೆರೆಯದಿದ್ದರೆ ಒಣಗುತ್ತದೆ. ಆದುದರಿಂದಲೇ ನಮ್ಮ ಹಿರಿಯರು ನೀರುಗಂಟಿಯನ್ನು ನೇಮಿಸಿಕೊಂಡರು. ಏರಿಯನ್ನು ಕಾಯುವುದು, ಬಿರುಕನ್ನು ಮುಚ್ಚುವುದು, ಗದ್ದೆಯ ಅಗತ್ಯವನ್ನರಿತು ನೀರು ಬಿಡುವುದು ಅವನ ಹೊಣೆ. ನಮ್ಮ ತಲೆಯೊಳಗೂ ಇಂತಹದೇ ಒಂದು ಏರ್ಪಾಡಿದೆ.

ಮಿದುಳಿನ ತೂಕ ದೇಹದ ತೂಕದಲ್ಲಿ ಶೇಕಡಾ 2ರಷ್ಟು ಮಾತ್ರ. ಆದರೂ ನಾವು ಸುಮ್ಮನೆ ಕುಳಿತಿರುವಾಗ ದೇಹವು ಬಳಸುವ ಆಮ್ಲಜನಕದಲ್ಲಿ ಸುಮಾರು ಶೇಕಡಾ 20ರಷ್ಟು ಅದಕ್ಕೇ ಬೇಕು. ಆದುದರಿಂದ ರಕ್ತವು ಅದರ ಮೂಲೆಮೂಲೆಗೂ ಹರಿಯಬೇಕು. ಆದರೆ ರಕ್ತದಲ್ಲಿ ಆಹಾರದೊಡನೆ ರೋಗಾಣುಗಳೂ ವಿಷವಸ್ತುಗಳೂ ಇರಬಹುದು. ಅದರಲ್ಲಿನ ಲವಣಗಳ ಪ್ರಮಾಣವೂ ಏರಿಳಿಯುತ್ತಿರುತ್ತದೆ. ನರಕೋಶಗಳಾದರೋ ಸೋಡಿಯಂ, ಪೊಟ್ಯಾಸಿಯಂ ಮೊದಲಾದವುಗಳ ನಯವಾದ ಸಮತೋಲನವನ್ನು ಅವಲಂಬಿಸಿ ವಿದ್ಯುತ್ ಸಂಕೇತಗಳಿಂದ ಕೆಲಸ ಮಾಡುವಂಥವು. ರಕ್ತವು ಅವುಗಳ ಸಮೀಪಕ್ಕೆ ಬರಬೇಕು, ಆದರೆ ಅವುಗಳನ್ನು ಸೋಕಬಾರದು. ಇದನ್ನು ಸಾಧ್ಯವಾಗಿಸುವ ಏರ್ಪಾಡಿಗೆ ‘ರಕ್ತ-ಮಿದುಳು ತಡೆ’ ಎಂದು ಹೆಸರು.

ಇದರ ಸುಳಿವು ಮೊದಲು ದೊರೆತದ್ದು ಜರ್ಮನಿಯಲ್ಲಿ. 1885ರಲ್ಲಿ ಪಾಲ್ ಎರ್ಲಿಕ್ ಎಂಬ ವಿಜ್ಞಾನಿಯು ಪ್ರಾಣಿಗಳ ರಕ್ತಕ್ಕೆ ಬಣ್ಣಗಳನ್ನು ಸೇರಿಸಿದಾಗ ಇತರ ಅಂಗಗಳೆಲ್ಲ ಬಣ್ಣ ತಳೆದವು. ಮಿದುಳು ಮಾತ್ರ ಬೆಳ್ಳಗೇ ಉಳಿಯಿತು. ಮಿದುಳಿಗೆ ಬಣ್ಣವು ಅಂಟದೆಂದು ಅವನು ಭಾವಿಸಿದನು. ಆದರೆ 1913ರಲ್ಲಿ ಅವನ ಶಿಷ್ಯ ಗೋಲ್ಡ್‌ಮನ್ ಬಣ್ಣವನ್ನು ಮಿದುಳಿನ ಸುತ್ತಲಿನ ದ್ರವಕ್ಕೇ ಸೇರಿಸಿದಾಗ ಮಿದುಳು ಬಣ್ಣ ತಳೆಯಿತು, ಉಳಿದ ಅಂಗಗಳು ತಳೆಯಲಿಲ್ಲ! ಹಾಗಾದರೆ ನಡುವೆ ಒಂದು ಗೋಡೆ ಇರಲೇಬೇಕಷ್ಟೆ. ಆ ಗೋಡೆಯನ್ನು 1967ರಲ್ಲಿ ರೀಸ್ ಮತ್ತು ಕಾರ್ನೊವ್‌ಸ್ಕಿ ಎಂಬವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ ಗುರುತಿಸಿದರು. ಮಿದುಳಿನ ಲೋಮನಾಳಗಳ ಒಳಗೋಡೆಯ ಕೋಶಗಳು ಸಂದಿಲ್ಲದಂತೆ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಆಮ್ಲಜನಕವೂ ಕೊಬ್ಬಿನಲ್ಲಿ ಕರಗುವ ಕೆಲವು ವಸ್ತುಗಳೂ ಅದನ್ನು ತಾವಾಗಿ ದಾಟಬಲ್ಲವು. ಗ್ಲೂಕೋಸನ್ನು ಒಳಗೆ ಒಯ್ಯಲು ವಿಶೇಷ ಪ್ರೋಟೀನುಗಳಿವೆ. ಉಳಿದ ಬಹುಪಾಲು ವಸ್ತುಗಳಿಗೆ ಪ್ರವೇಶವಿಲ್ಲ.

ದೇಹದ ಬೇರೆಡೆ ಸೋರುವ ಲೋಮನಾಳ ಮಿದುಳಿನಲ್ಲಿ ಮಾತ್ರ ಇಷ್ಟು ಭದ್ರವಾಗಿರಲು ಕಾರಣವೇನು? ಇಲ್ಲಿಯೇ ನಮ್ಮ ನೀರುಗಂಟಿಯ ಪ್ರವೇಶ. ನರಕೋಶಗಳ ನಡುವೆ ಬೇರೆ ಬಗೆಯ ಕೋಶಗಳೂ ಇವೆ. ಜರ್ಮನಿಯ ವಿರ್ಶೋ 1856ರಲ್ಲಿ ಅವುಗಳಿಗೆ ‘ನರಗಳ ಅಂಟು’ ಎಂಬರ್ಥದ ಹೆಸರಿಟ್ಟನು. ಅವುಗಳಲ್ಲಿ ನಕ್ಷತ್ರದಂತೆ ಕೈಕಾಲು ಚಾಚಿರುವ ಒಂದು ಬಗೆಗೆ ಆಸ್ಟ್ರೊಸೈಟ್ ಎನ್ನುತ್ತಾರೆ. ನಾವು ತಾರಾಕೋಶ ಎನ್ನೋಣ. ಅದರ ಚಾಚುಗಳ ತುದಿಗಳು ಪಾದಗಳಂತೆ ಅಗಲವಾಗಿ ಲೋಮನಾಳವನ್ನು ಬಹುಮಟ್ಟಿಗೆ ಸುತ್ತುವರಿದಿರುತ್ತವೆ.

1981ರಲ್ಲಿ ಹಕ್ಕಿಗಳ ಭ್ರೂಣಗಳ ಮೇಲೆ ನಡೆದ ಪ್ರಯೋಗವೊಂದರಲ್ಲಿ, ಹೊಟ್ಟೆಯ ಭಾಗದ ರಕ್ತನಾಳಗಳು ಕಸಿಮಾಡಿದ ಮಿದುಳಿನ ತುಣುಕಿನೊಳಕ್ಕೆ ಬೆಳೆದಾಗ ತಡೆಯ ಗುಣವನ್ನು ಪಡೆದವು. ಅಂದರೆ ಆ ಗುಣವನ್ನು ನಾಳವು ಹುಟ್ಟಿನಿಂದ ತಂದುದಲ್ಲ, ನೆರೆಯಿಂದ ಕಲಿತದ್ದು. 1987ರಲ್ಲಿ ಜಾನ್ಜರ್ ಮತ್ತು ರಾಫ್ ಎಂಬವರು ತಾರಾಕೋಶಗಳನ್ನು ಇಲಿಯ ಕಣ್ಣಿನ ಮುಂಭಾಗದಲ್ಲಿರಿಸಿ, ಅವುಗಳೊಳಕ್ಕೆ ಬೆಳೆದ ನಾಳಗಳೂ ಬಣ್ಣವನ್ನು ತಡೆಹಿಡಿದುದನ್ನು ಕಂಡರು. ಭ್ರೂಣದಲ್ಲಿ ತಾರಾಕೋಶಗಳು ಹುಟ್ಟುವ ಮೊದಲೇ ತಡೆಯು ರೂಪುಗೊಳ್ಳತೊಡಗುತ್ತದೆ, ನಾಳವನ್ನಪ್ಪಿದ ಪೆರಿಸೈಟ್ ಎಂಬ ಕೋಶಗಳಿಗೆ ಅದರಲ್ಲಿ ಪಾಲಿದೆ ಎಂಬುದು 2010ರಲ್ಲಿ ತಿಳಿಯಿತು. ಆದರೆ ಬೆಳೆದ ಇಲಿಗಳ ಮಿದುಳಿನಲ್ಲಿ ತಾರಾಕೋಶಗಳನ್ನು ಕಳೆದರೆ ತಡೆಯು ಸೋರುತ್ತದೆ ಎಂದು 2021ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಏರಿಯನ್ನು ಕಟ್ಟುವವರು ಬೇರೆಯವರಿರಬಹುದು. ಕಟ್ಟಿದ ಏರಿ ನಿಲ್ಲಬೇಕಾದರೆ ನೀರುಗಂಟಿ ಬೇಕು. ತಾರಾಕೋಶವು ಸ್ರವಿಸುವ ರಾಸಾಯನಿಕ ಸಂಕೇತಗಳು ನಾಳದ ಬೆಸುಗೆಯನ್ನು ಭದ್ರವಾಗಿರಿಸುತ್ತವೆ. ಅಷ್ಟೇ ಅಲ್ಲ, ನರಕೋಶಗಳು ಹೊರಚೆಲ್ಲಿದ ಪೊಟ್ಯಾಸಿಯಂ ಅನ್ನು ಅದು ಹೀರಿಕೊಂಡು ಸಮತೋಲನವನ್ನು ಕಾಯುತ್ತದೆ.

ತಲೆಗೆ ಪೆಟ್ಟಾದಾಗ, ಪಾರ್ಶ್ವವಾಯು ಬಡಿದಾಗ, ಮೂರ್ಛೆಯು ಬಹಳ ಹೊತ್ತು ಮುಂದುವರಿದಾಗ ಈ ತಡೆ ಸಡಿಲಗೊಳ್ಳುತ್ತದೆ. ಆಗ ರಕ್ತದ ಆಲ್ಬುಮಿನ್ ಎಂಬ ಪ್ರೋಟೀನು ಮಿದುಳಿಗೆ ಸೋರುತ್ತದೆ. ಅದನ್ನು ಹೀರಿಕೊಂಡ ತಾರಾಕೋಶಗಳು ಪೊಟ್ಯಾಸಿಯಂ ಅನ್ನು ಸರಿಯಾಗಿ ತೆಗೆಯಲಾರವು. ನರಕೋಶಗಳು ಅತಿಯಾಗಿ ಕೆರಳಿ ಮತ್ತೆ ಮೂರ್ಛೆ ಬರಬಹುದು. ಇಲಿಗಳ ಮೇಲಿನ ಪ್ರಯೋಗಗಳಿಂದ ಇದು ತಿಳಿದುಬಂದಿದೆ. ಮೂರ್ಛೆಯಿಂದ ತಡೆ ಕೆಡುತ್ತದೆ, ತಡೆ ಕೆಟ್ಟರೆ ಮೂರ್ಛೆ ಹೆಚ್ಚುತ್ತದೆ. ಈ ವಿಷವರ್ತುಲವನ್ನು ಕತ್ತರಿಸುವುದು ಹೇಗೆ?

ಮಿದುಳಿನ ಔಷಧವು ಮೊದಲು ತಡೆಯನ್ನು ದಾಟಬೇಕು. ಫಿನೋಬಾರ್ಬಿಟಾಲ್, ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಮಾತ್ರೆಗಳಿಗೆ ಆ ಸಾಮರ್ಥ್ಯವಿದೆ. ನರಸೀಪುರಕ್ಕೆ ಸಮೀಪದ ಯಳಂದೂರು ತಾಲ್ಲೂಕಿನ ಹಳ್ಳಿಗಳಲ್ಲಿ ನರರೋಗತಜ್ಞ ಡಾ. ಕೆ. ಎಸ್. ಮಣಿ ಮತ್ತು ಅವರ ಸಂಗಡಿಗರು ಮೂರ್ಛೆರೋಗಿಗಳಿಗೆ ಈ ಮಾತ್ರೆಗಳನ್ನು ಕೊಟ್ಟು ವರ್ಷಗಳ ಕಾಲ ಗಮನಿಸಿದರು. ಅನೇಕರಲ್ಲಿ ರೋಗವು ಹತೋಟಿಗೆ ಬಂದಿತು. ಅದರ ವರದಿಯು 2001ರಲ್ಲಿ ‘ಲ್ಯಾನ್ಸೆಟ್’ ಎಂಬ ಪ್ರಸಿದ್ಧ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು.

ಇಂದಿಗೂ ಮೂರ್ಛೆ ಬಂದವರ ಕೈಗೆ ಬೀಗದ ಕೈ ಹಿಡಿಸುವವರಿದ್ದಾರೆ. ಕಬ್ಬಿಣವು ಮಿದುಳನ್ನು ಮುಟ್ಟಲಾರದು. ರೋಗಿಯನ್ನು ಮೆಲ್ಲನೆ ಪಕ್ಕಕ್ಕೆ ಹೊರಳಿಸಬೇಕು. ಬಾಯಿಗೆ ಏನನ್ನೂ ತುರುಕಬಾರದು. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಕರೆದೊಯ್ಯಬೇಕು. ವೈದ್ಯರು ಹೇಳುವವರೆಗೆ ಮಾತ್ರೆಯನ್ನು ನಿಲ್ಲಿಸಬಾರದು. ಬರಿಯ ಅಂಟೆಂದು ಕರೆಸಿಕೊಂಡ ಕೋಶವು ನಮ್ಮೊಳಗೆ ಹಗಲಿರುಳು ಏರಿಯನ್ನು ಕಾಯುತ್ತಿದೆ. ಅದರ ಕೆಲಸ ಕೆಡದಂತೆ ನೋಡಿಕೊಳ್ಳುವ ಹೊಣೆ ನಮ್ಮದು.