ಮೂವತ್ತೊಂಬತ್ತು ಅಡಿ ಹಿಮ ಬಿದ್ದ ಊರು

ನ್ಯೂಯಾರ್ಕ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಗಗನಚುಂಬಿ ಕಟ್ಟಡಗಳ ಸಾಲು. ಅದೇ ಹೆಸರಿನ ರಾಜ್ಯದ ಉತ್ತರದ ತುದಿಯಲ್ಲಿ, ಆ ಮಹಾನಗರದಿಂದ ಕಾರಿನಲ್ಲಿ ಐದಾರು ಗಂಟೆಯ ದೂರದಲ್ಲಿ, ಹಸು ಸಾಕುವವರ ಮತ್ತು ಮರ ಕಡಿಯುವವರ ಬೇರೊಂದು ನಾಡಿದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಪಶ್ಚಿಮಕ್ಕೆ ಒಂಟಾರಿಯೋ ಸರೋವರ, ಪೂರ್ವಕ್ಕೆ ಶಾಂಪ್ಲೇನ್ ಸರೋವರ, ಉತ್ತರಕ್ಕೆ ಸೇಂಟ್ ಲಾರೆನ್ಸ್ ನದಿ ಮತ್ತು ಕೆನಡಾ, ನಡುವೆ ಅಡಿರಾಂಡ್ಯಾಕ್ ಬೆಟ್ಟಗಳು. ಅಲ್ಲಿನವರು ಇದನ್ನು 'ನಾರ್ತ್ ಕಂಟ್ರಿ' ಎನ್ನುತ್ತಾರೆ. ನಾವು ಉತ್ತರನಾಡು ಎನ್ನೋಣ. ಅಲ್ಲಿಯೇ ಹುಟ್ಟಿ ಬೆಳೆದ ಇರ್ವಿಂಗ್ ಬ್ಯಾಚೆಲರ್ 1900ರಲ್ಲಿ ಪ್ರಕಟಿಸಿದ 'ಎಬೆನ್ ಹೋಲ್ಡನ್' ಕಾದಂಬರಿ ಈ ಹೆಸರನ್ನು ಮನೆಮಾತಾಗಿಸಿತು.

ಹಿಮದ ಬಗ್ಗೆ ಕನ್ನಡದಲ್ಲಿ ಬರೆಯುವಾಗ ಮೊದಲ ತೊಡಕು ಪದಗಳದ್ದೇ. ಮಡಿಕೇರಿಯ ಬೆಳಗಿನಲ್ಲಿ ಕಣ್ಣಿಗೆ ಕವಿಯುವುದೂ ಮಂಜು, ಹಿಮಾಲಯದ ಮೇಲೆ ಕುಳಿತಿರುವುದೂ ಮಂಜು, ಹಣ್ಣಿನ ರಸಕ್ಕೆ ಹಾಕುವ ಗಡ್ಡೆಯೂ ಮಂಜು. ಬೇಸಿಗೆ ಮಳೆಯ ಆಲಿಕಲ್ಲು ಬಿಟ್ಟರೆ ಆಕಾಶದಿಂದ ಗಟ್ಟಿಯಾಗಿ ಬೀಳುವ ನೀರು ನಮಗೆ ಅಪರಿಚಿತ. ಆದ್ದರಿಂದ ಇಲ್ಲಿ ಹತ್ತಿಯಂತೆ ಉದುರುವುದಕ್ಕೆ ಹಿಮ ಎಂದೂ, ಕೆರೆಯ ಮೇಲೆ ಕಲ್ಲಾಗಿ ನಿಲ್ಲುವುದಕ್ಕೆ ಮಂಜುಗಡ್ಡೆ ಎಂದೂ ಹೆಸರಿಟ್ಟುಕೊಂಡು ಮುಂದುವರಿಯೋಣ. ಉತ್ತರನಾಡಿನವರಿಗೆ ಈ ಎರಡರ ನಡುವಿನ ವ್ಯತ್ಯಾಸ ಕೆಲವೊಮ್ಮೆ ಜೀವನ್ಮರಣದ ವ್ಯತ್ಯಾಸ.

ಒಂಟಾರಿಯೋ ಸರೋವರದ ಪೂರ್ವ ದಡದಿಂದ ಸ್ವಲ್ಪ ಒಳಕ್ಕೆ ಟಗ್ ಹಿಲ್ ಎಂಬ ಎತ್ತರದ ಬಯಲಿದೆ. ಸುಮಾರು ಎರಡು ಸಾವಿರ ಅಡಿ ಎತ್ತರ, ಅಷ್ಟೇ. ಆದರೆ ರಾಕಿ ಪರ್ವತಗಳ ಪೂರ್ವಕ್ಕೆ ಅಮೆರಿಕದಲ್ಲಿ ಇಷ್ಟು ಹಿಮ ಬೀಳುವ ಜಾಗಗಳು ಬಹಳ ಕಡಿಮೆ. ಇದರ ಕಾರಣ ಆಗುಂಬೆಯ ಮಳೆಯನ್ನು ಬಲ್ಲ ನಮಗೆ ಅರ್ಥವಾಗುವುದು ಕಷ್ಟವಲ್ಲ. ಅರಬ್ಬಿ ಸಮುದ್ರದ ತೇವ ಹೊತ್ತ ಗಾಳಿ ಪಶ್ಚಿಮ ಘಟ್ಟವನ್ನು ಏರಬೇಕಾಗಿ ಬಂದಾಗ ಹೊರೆ ಇಳಿಸುತ್ತದಲ್ಲವೇ, ಇಲ್ಲಿಯೂ ಹಾಗೆಯೇ. ಒಂಟಾರಿಯೋ ಸರೋವರ ಬಹಳ ಆಳ. ಚಳಿಗಾಲದಲ್ಲೂ ಅದು ಪೂರ್ತಿ ಹೆಪ್ಪುಗಟ್ಟುವುದು ಅಪರೂಪ. ಕೆನಡಾದ ಕಡೆಯಿಂದ ಬರುವ ಕೊರೆಯುವ ಒಣ ಗಾಳಿ ಆ ನೀರಿನ ಮೇಲೆ ಹಾಯುವಾಗ ಕೆಳಗಿನಿಂದ ಶಾಖವನ್ನೂ ತೇವವನ್ನೂ ಹೀರಿಕೊಂಡು ಮೋಡ ಕಟ್ಟುತ್ತದೆ. ಟಗ್ ಹಿಲ್ ಎದುರಾದ ಕೂಡಲೇ ಇನ್ನಷ್ಟು ಮೇಲೇರಿ ಹಿಮ ಸುರಿಸುತ್ತದೆ. ಮೋಡದ ಪಟ್ಟಿ ಎಷ್ಟು ಕಿರಿದಾಗಿರುತ್ತದೆಂದರೆ ಒಂದು ಹಳ್ಳಿಯಲ್ಲಿ ಬಿಸಿಲು ಹೊಳೆಯುತ್ತಿರುವಾಗ ಕೆಲವೇ ಮೈಲಿ ಆಚೆಯ ಹಳ್ಳಿಯಲ್ಲಿ ಎದುರಿನ ಮನೆ ಕಾಣುವುದಿಲ್ಲ.

1976-77ರ ಚಳಿಗಾಲದಲ್ಲಿ ಇಲ್ಲಿನ ಹೂಕರ್ ಎಂಬ ಪುಟ್ಟ ಊರಿನಲ್ಲಿ ಬಿದ್ದ ಒಟ್ಟು ಹಿಮ 466.9 ಅಂಗುಲ. ಅಂದರೆ ಹತ್ತಿರ ಹತ್ತಿರ ಮೂವತ್ತೊಂಬತ್ತು ಅಡಿ. ಒಂದರ ಮೇಲೊಂದು ಕೂತು ಅದುಮಿಕೊಳ್ಳುವುದರಿಂದ ಅಷ್ಟೂ ಎತ್ತರದ ಗುಡ್ಡೆ ಒಮ್ಮೆಗೇ ನಿಲ್ಲುವುದಿಲ್ಲ ಎನ್ನುವುದೊಂದೇ ಸಮಾಧಾನ. ಈ ಅದುಮಿಕೊಳ್ಳುವ ಗುಣವೇ ಒಂದು ಸ್ವಾರಸ್ಯದ ತಕರಾರಿಗೂ ಕಾರಣವಾಯಿತು. 1997ರ ಜನವರಿಯಲ್ಲಿ ಮಾಂಟಗ್ಯೂ ಎಂಬಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 77 ಅಂಗುಲ ಹಿಮ ಬಿದ್ದಿತೆಂದು ವರದಿಯಾಯಿತು. ಅದು ರಾಷ್ಟ್ರೀಯ ದಾಖಲೆ ಆಗಬೇಕಿತ್ತು. ಆದರೆ ತಜ್ಞರ ಸಮಿತಿ ಒಪ್ಪಲಿಲ್ಲ. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಅಳೆಯಬಾರದೆಂಬ ನಿಯಮವಿದ್ದರೂ ಆರು ಸಲ ಅಳೆಯಲಾಗಿತ್ತು. ಪದೇ ಪದೇ ಅಳೆದು ಹಲಗೆ ಒರೆಸಿದರೆ ಹಿಮಕ್ಕೆ ಕುಸಿಯಲು ಸಮಯ ಸಿಗದೆ ಲೆಕ್ಕ ಉಬ್ಬುತ್ತದೆ ಎಂಬುದು ಸಮಿತಿಯ ವಾದ. ವಾದ ಸರಿಯೇ ಇರಬಹುದು. ಬಾಗಿಲು ತೆರೆಯಲಾಗದೆ ಒಳಗೆ ಕುಳಿತವನಿಗೆ ಎರಡಂಗುಲ ಹೆಚ್ಚುಕಡಿಮೆಯಾದರೆ ಏನು ವ್ಯತ್ಯಾಸ?

ಹೂಕರ್‌ನ ಹಿಮವನ್ನೆಲ್ಲ ಕರಗಿಸಿದರೆ ಸಿಗುವ ನೀರು ನಾಲ್ಕು ಅಡಿಯನ್ನೂ ಮುಟ್ಟಲಾರದು. ಆಗುಂಬೆಯಲ್ಲಿ ವರ್ಷಕ್ಕೆ ಇಪ್ಪತ್ತು ಅಡಿಗೂ ಮಿಕ್ಕಿ ಮಳೆ ಬೀಳುತ್ತದೆ. ಆದರೆ ಮಳೆಯ ನೀರು ತನ್ನ ದಾರಿ ತಾನೇ ಹುಡುಕಿಕೊಳ್ಳುತ್ತದೆ. ಹಿಮವನ್ನು ಯಾರಾದರೂ ಎತ್ತಿ ಹಾಕಬೇಕು. ಉತ್ತರನಾಡಿನ ಚಳಿಗಾಲವೆಂದರೆ ಮುಖ್ಯವಾಗಿ ಈ ಎತ್ತಿ ಹಾಕುವ ಕೆಲಸ.

ತಯಾರಿ ಶುರುವಾಗುವುದು ವಸಂತದಲ್ಲೇ. ಮೇಪಲ್, ಬೀಚ್, ಬರ್ಚ್ ಮುಂತಾದ ಗಟ್ಟಿ ಮರಗಳ ಸೌದೆ ಸೀಳಿ ಒಟ್ಟಿ, ಕನಿಷ್ಠ ಒಂದು ಬೇಸಿಗೆ ಒಣಗಿಸಬೇಕು. ಅಲ್ಲಿ ಸೌದೆಯ ಅಳತೆ 'ಕಾರ್ಡ್': ನಾಲ್ಕಡಿ ಅಗಲ, ನಾಲ್ಕಡಿ ಎತ್ತರ, ಎಂಟಡಿ ಉದ್ದದ ಒಟ್ಟಲು. ಸೌದೆಯನ್ನೇ ನಂಬಿದ ಮನೆಗೆ ಚಳಿಗಾಲಕ್ಕೆ ಇಂಥ ಹಲವು ಒಟ್ಟಲು ಬೇಕು. ಹಸಿ ಸೌದೆ ಉರಿಸಿದರೆ ಶಾಖ ಬರುವುದಿಲ್ಲ ಎಂಬುದಷ್ಟೇ ಅಲ್ಲ, ಹೊಗೆಯ ಜಿಡ್ಡು ಚಿಮಣಿಯೊಳಗೆ ಅಂಟಿಕೊಂಡು ಒಂದು ದಿನ ಅದೇ ಹೊತ್ತಿಕೊಳ್ಳುತ್ತದೆ. ಒಲೆಯ ಬೂದಿಯನ್ನು ಲೋಹದ ಬಕೆಟ್ಟಿನಲ್ಲಿ ತುಂಬಿ ಮನೆಯಿಂದ ದೂರ ಇಡುವುದು ಮಕ್ಕಳಿಗೂ ಗೊತ್ತಿರುವ ಶಿಸ್ತು. ಎಣ್ಣೆ ಅಥವಾ ಗ್ಯಾಸ್ ಉರಿಸುವ ಮನೆಗಳೂ ಬೇಕಾದಷ್ಟಿವೆ. ಆದರೆ ಇದು ಸಿರಿವಂತರ ಸೀಮೆಯಲ್ಲ. ಬಡ ಕುಟುಂಬಗಳ ಶಾಖದ ಖರ್ಚಿಗೆ ನೆರವಾಗುವ ಕೇಂದ್ರ ಸರ್ಕಾರದ ಯೋಜನೆ 1981ರಿಂದ ನಡೆದುಬಂದಿದೆ. ಶಾಖಕ್ಕೂ ಸಹಾಯಧನವೇ ಎಂದು ನಮಗೆ ಅನ್ನಿಸಬಹುದು. 1979ರ ಫೆಬ್ರವರಿಯಲ್ಲಿ ಅಡಿರಾಂಡ್ಯಾಕ್ ಸೀಮೆಯ ಓಲ್ಡ್ ಫೋರ್ಜ್‌ನಲ್ಲಿ ಉಷ್ಣಾಂಶ ಸೊನ್ನೆಗಿಂತ ಸುಮಾರು 47 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ಇಳಿದಿತ್ತು ಎಂಬುದನ್ನು ನೆನೆದರೆ ಆ ಅನ್ನಿಸಿಕೆ ಉಳಿಯುವುದಿಲ್ಲ.

ವಿಚಿತ್ರವೆಂದರೆ ಚಳಿಯಿಂದ ಕಾಪಾಡುವುದರಲ್ಲಿ ಹಿಮವೂ ಒಂದು ಕಂಬಳಿ. ಹಗುರ ಹಿಮದ ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡಿರುವುದರಿಂದ ಅದು ಶಾಖವನ್ನು ಹೊರಗೆ ಬಿಡುವುದಿಲ್ಲ. ಹಳೆಯ ಮನೆಗಳ ಪಾಯದ ಸುತ್ತ ಒಣ ಎಲೆ, ಹುಲ್ಲು ಒಟ್ಟಿ ಅದರ ಮೇಲೆ ಹಿಮವನ್ನು ಒತ್ತಿ ನಿಲ್ಲಿಸುವ ರೂಢಿಯಿತ್ತು. ಹೊಲದಲ್ಲಿ ದನದ ಮೇವಿನ ಬೆಳೆಯ ಬೇರು ಉಳಿಯುವುದೂ ಹಿಮದ ಹೊದಿಕೆಯಿಂದಲೇ. ಬರಿ ನೆಲದ ಮೇಲೆ ಕಡುಚಳಿ ಬಿದ್ದರೆ ಬೇರು ಸಾಯುತ್ತದೆ. ಹಿಮಕ್ಕೆ 'ಬಡವನ ಗೊಬ್ಬರ' ಎಂಬ ಹೆಸರೂ ಅಲ್ಲಿನ ರೈತರ ಬಾಯಲ್ಲಿದೆ.

ಡಿಸೆಂಬರಿನ ಕೊನೆಗೆ ಹಗಲು ಒಂಬತ್ತು ಗಂಟೆಗಿಂತಲೂ ಕಡಿಮೆ. ಸಂಜೆ ನಾಲ್ಕೂವರೆಯೊಳಗೆ ಸೂರ್ಯ ಮುಳುಗಿರುತ್ತಾನೆ. ಬೆಳಿಗ್ಗೆ ಎದ್ದವರ ಮೊದಲ ಕೆಲಸ ರೇಡಿಯೋ ಹಾಕಿ ಯಾವ ಯಾವ ಶಾಲೆಗೆ ರಜೆ ಎಂದು ಕೇಳುವುದಾಗಿತ್ತು. ಈಗ ಆ ಸುದ್ದಿ ಫೋನಿಗೇ ಬರುತ್ತದೆ. ಆಮೇಲೆ ಸಲಿಕೆ. ಮನೆಯ ಮುಂದಿನ ದಾರಿ ಬಿಡಿಸಿ, ಕಾರನ್ನು ಹೊರತೆಗೆದು ಉಸ್ಸೆನ್ನುವಷ್ಟರಲ್ಲಿ ರಸ್ತೆಯ ಹಿಮ ತಳ್ಳುವ ದೊಡ್ಡ ಲಾರಿ ಬಂದು, ಬಿಡಿಸಿದ ದಾರಿಯ ಬಾಯಿಗೆ ಮತ್ತೊಂದು ದಿಬ್ಬ ಸುರಿದು ಹೋಗುತ್ತದೆ. ರಸ್ತೆಬದಿಯ ಅಂಚೆ ಪೆಟ್ಟಿಗೆಗಳೂ ಅದರ ಹೊಡೆತಕ್ಕೆ ಉರುಳುವುದುಂಟು. ಇದಕ್ಕಾಗಿಯೇ ಕೆಲವರು ಪೆಟ್ಟಿಗೆಯನ್ನು ಸರಪಳಿಯಲ್ಲಿ ತೂಗುಬಿಟ್ಟಿರುತ್ತಾರೆ. ರಸ್ತೆಯ ಅಂಚು ಎಲ್ಲಿದೆಯೆಂದು ಚಾಲಕನಿಗೆ ತಿಳಿಯಲು ಶರತ್ಕಾಲದಲ್ಲೇ ಉದ್ದನೆಯ ಗೂಟ ನೆಟ್ಟಿರಬೇಕು. ಅಗ್ನಿಶಾಮಕದವರ ನೀರಿನ ನಲ್ಲಿಗಳಿಗೂ ಎತ್ತರದ ಕಡ್ಡಿಯ ಗುರುತು ಬೇಕು.

ಕಾರು ಬರುವ ಮೊದಲು ಹಿಮವನ್ನು ಯಾರೂ ತಳ್ಳುತ್ತಿರಲಿಲ್ಲ. ಕುದುರೆಗಳು ಎಳೆಯುವ ದೊಡ್ಡ ಮರದ ರೋಲರಿನಿಂದ ರಸ್ತೆಯ ಹಿಮವನ್ನು ಅದುಮಿ ಗಟ್ಟಿ ಮಾಡುತ್ತಿದ್ದರು. ಆಗ ಜಾರುಬಂಡಿ ಸಲೀಸಾಗಿ ಓಡುತ್ತಿತ್ತು. ಮುಚ್ಚಿದ ಛಾವಣಿಯ ಸೇತುವೆಗಳ ಒಳಗೆ ಹಿಮ ಬೀಳದಿರುವುದೇ ಅವರಿಗೆ ತೊಂದರೆ. ಆಳು ಹಚ್ಚಿ ಸೇತುವೆಯೊಳಗೆ ಹಿಮ ಹರಡಿಸುತ್ತಿದ್ದರು! ಮೋಟಾರು ಬಂದ ಮೇಲೆ ಲೆಕ್ಕವೇ ತಿರುವುಮುರುವಾಯಿತು, ರಸ್ತೆ ಬರಿದಾಗಬೇಕಾಯಿತು. ಅದಕ್ಕಾಗಿ ಸುರಿಯುವ ಉಪ್ಪು ವರ್ಷಗಳ ಕಾಲ ಇಂಗಿ ಅಡಿರಾಂಡ್ಯಾಕ್‌ನ ಬಾವಿ, ಕೆರೆಗಳ ನೀರನ್ನು ಕೆಡಿಸಿದೆ. 2020ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯ ಈ ಉಪ್ಪನ್ನು ಕಡಿಮೆ ಮಾಡುವ ದಾರಿ ಹುಡುಕಲು ಪ್ರತ್ಯೇಕ ಕಾನೂನನ್ನೇ ತಂದಿತು. ಕುಡಿಯುವ ನೀರು ಬೇಕೋ ಜಾರದ ರಸ್ತೆ ಬೇಕೋ ಎಂಬ ಜಗ್ಗಾಟ ಇನ್ನೂ ಮುಗಿದಿಲ್ಲ.

ಹಿಮಕ್ಕೆ ಉತ್ತರನಾಡಿನವರು ಹೆದರುವುದಿಲ್ಲ. ಅವರು ಹೆದರುವುದು ಮಳೆಗೆ. ನೆಲಕ್ಕೆ ಹತ್ತಿರದ ಗಾಳಿ ಸೊನ್ನೆಗಿಂತ ತಣ್ಣಗಿದ್ದು, ಮೇಲಿನ ಪದರ ಬೆಚ್ಚಗಿದ್ದರೆ ಹಿಮ ಮೇಲೆಯೇ ಕರಗಿ ಮಳೆಯಾಗಿ ಇಳಿಯುತ್ತದೆ. ತಂತಿ, ಕೊಂಬೆ, ರಸ್ತೆ, ಯಾವುದನ್ನು ಮುಟ್ಟಿದರೂ ಅಲ್ಲೇ ಗಾಜಿನಂತೆ ಹೆಪ್ಪುಗಟ್ಟುತ್ತದೆ. 1998ರ ಜನವರಿ 5ರಿಂದ 10ರವರೆಗೆ ಇಂಥ ಮಳೆ ಬಿಟ್ಟು ಬಿಟ್ಟು ಸುರಿಯಿತು. ಮಂಜುಗಡ್ಡೆಯ ಭಾರಕ್ಕೆ ಕಾಡಿನ ಮರಗಳು ಗುಂಡು ಹೊಡೆದಂಥ ಸದ್ದಿನೊಡನೆ ಮುರಿದವು. ಸಾವಿರಾರು ವಿದ್ಯುತ್ ಕಂಬಗಳು ಉರುಳಿದವು. ಗಡಿಯಾಚೆ ಕೆನಡಾದಲ್ಲಿ ಉಕ್ಕಿನ ಗೋಪುರಗಳೇ ಮಡಚಿ ಬಿದ್ದವು. ಎರಡೂ ದೇಶ ಸೇರಿ ನಲವತ್ತು ಲಕ್ಷಕ್ಕೂ ಹೆಚ್ಚು ಜನ ಕತ್ತಲಲ್ಲಿ ಉಳಿದರು. ಉತ್ತರನಾಡಿನ ಒಳಭಾಗದ ಕೆಲವು ಮನೆಗಳಿಗೆ ದೀಪ ಮರಳಲು ವಾರಗಳೇ ಹಿಡಿದವು.

ಮನುಷ್ಯರು ಒಲೆಯ ಸುತ್ತ ಕೂತಾರು, ಹಸುಗಳ ಗತಿ? ಹಾಲೇ ಈ ಸೀಮೆಯ ಮುಖ್ಯ ದುಡಿಮೆ. ಹತ್ತಾರು, ನೂರಾರು ಹಸುಗಳನ್ನು ದಿನಕ್ಕೆ ಎರಡು ಸಲ ಯಂತ್ರದಿಂದಲೇ ಕರೆಯಬೇಕು. ಕರೆಯದಿದ್ದರೆ ಕೆಚ್ಚಲು ಬಿಗಿದು ಬಾವು ಬರುತ್ತದೆ. ಹಾಲು ಕೊಡುವ ಹಸು ದಿನಕ್ಕೆ ನೂರು ಲೀಟರಿಗೂ ಹೆಚ್ಚು ನೀರು ಕುಡಿಯುತ್ತದೆ. ಪಂಪು ನಿಂತರೆ ಅದೂ ಇಲ್ಲ. ಜನರೇಟರ್ ಇದ್ದ ರೈತರು ಅದನ್ನು ಟ್ರಾಕ್ಟರಿಗೆ ಕಟ್ಟಿಕೊಂಡು ಒಂದು ಕೊಟ್ಟಿಗೆಯಿಂದ ಇನ್ನೊಂದು ಕೊಟ್ಟಿಗೆಗೆ ಹಗಲೂ ರಾತ್ರಿ ಅಲೆದರು. ಸರದಿ ನಡುರಾತ್ರಿ ಬಂದರೆ ನಡುರಾತ್ರಿಯೇ ಕರೆಯಬೇಕು. ಕರೆದ ಹಾಲನ್ನು ತಣ್ಣಗಿಡಲು ವಿದ್ಯುತ್ತಿಲ್ಲ, ಒಯ್ಯಲು ಲಾರಿ ಬರುವಂತಿಲ್ಲ. ಹೀಗಾಗಿ ಎಷ್ಟೋ ಹಾಲು ಚರಂಡಿಗೆ ಹೋಯಿತು. ಮನೆಯೊಳಗೆ ಜನರೇಟರ್ ಓಡಿಸಿ, ಅದರ ವಿಷಾನಿಲಕ್ಕೆ ಸಿಕ್ಕಿ ಪ್ರಾಣ ಬಿಟ್ಟವರೂ ಇದ್ದರು. ಇದೇ ಸೀಮೆಯ ಹ್ಯೂವೆಲ್ಟನ್ ಸುತ್ತಮುತ್ತ 1970ರ ದಶಕದಿಂದ ನೆಲೆಸಿರುವ ಅಮಿಶ್ ಪಂಥದವರು ಮಾತ್ರ ಧರ್ಮದ ಕಾರಣದಿಂದ ಮನೆಗೆ ವಿದ್ಯುತ್ತನ್ನೇ ತೆಗೆದುಕೊಂಡವರಲ್ಲ. ಲಾಂದ್ರ, ಸೌದೆ ಒಲೆ, ಕೈಯಲ್ಲೇ ಹಾಲು ಕರೆಯುವುದು. ಆ ವಾರ ತಂತಿ ಹರಿದದ್ದರಿಂದ ಅವರ ಕೊಟ್ಟಿಗೆಯಲ್ಲಿ ನಿಲ್ಲುವಂಥದ್ದೇನೂ ಇರಲಿಲ್ಲ.

ಚಳಿಗಾಲವೆಂದರೆ ಬರೀ ಪಾಡಲ್ಲ. ಸೇಂಟ್ ಲಾರೆನ್ಸ್ ದಡದ ಅಕ್ವೆಸಾಸ್ನೆಯಲ್ಲಿ ನೆಲೆಸಿರುವ ಮೊಹಾಕ್ ಜನರೂ ಸೇರಿದಂತೆ ಇಲ್ಲಿನ ಮೂಲನಿವಾಸಿಗಳಿಗೆ 'ಹಿಮದ ಹಾವು' ಎಂಬ ಹಳೆಯ ಆಟವಿದೆ. ನುಣುಪಾದ ಉದ್ದನೆಯ ಕೋಲನ್ನು ಹಿಮದಲ್ಲಿ ಕೊರೆದ ಕಾಲುವೆಯೊಳಗೆ ಯಾರು ಎಲ್ಲರಿಗಿಂತ ದೂರ ಜಾರಿಸುತ್ತಾರೆ ಎಂಬುದೇ ಪಂದ್ಯ. ಸರನಾಕ್ ಲೇಕ್ ಎಂಬ ಊರು ಚಳಿಯನ್ನು ಔಷಧಿಯಾಗಿಯೇ ಮಾರಿತು. ಸ್ವತಃ ಕ್ಷಯರೋಗಿಯಾಗಿದ್ದ ಡಾಕ್ಟರ್ ಎಡ್ವರ್ಡ್ ಟ್ರುಡೋ 1880ರ ದಶಕದಲ್ಲಿ ಅಲ್ಲಿ ಆರೋಗ್ಯಧಾಮ ಕಟ್ಟಿದರು. ರೋಗಿಗಳು ಕಂಬಳಿ ಸುತ್ತಿಕೊಂಡು ಹಿಮ ಬೀಳುವಾಗಲೂ ತೆರೆದ ಜಗಲಿಯಲ್ಲಿ ಗಂಟೆಗಟ್ಟಲೆ ಮಲಗುತ್ತಿದ್ದರು. ಲೇಖಕ ರಾಬರ್ಟ್ ಲೂಯಿ ಸ್ಟೀವನ್‌ಸನ್ 1887-88ರ ಚಳಿಗಾಲವನ್ನು ಆ ಊರಿನಲ್ಲೇ ಕಳೆದ. 1897ರಲ್ಲಿ ಆರಂಭವಾದ ಚಳಿಗಾಲದ ಜಾತ್ರೆಗೆ ಇಂದಿಗೂ ಊರವರು ಕೆರೆಯ ಮಂಜುಗಡ್ಡೆ ಕೊಯ್ದು ಅರಮನೆ ಕಟ್ಟುತ್ತಾರೆ.

ಮಂಜುಗಡ್ಡೆ ಕೊಯ್ಯುವುದು ಒಂದು ಕಾಲಕ್ಕೆ ಜಾತ್ರೆಯ ಕೆಲಸವಾಗಿರಲಿಲ್ಲ, ದುಡಿಮೆಯಾಗಿತ್ತು. ಗರಗಸದಿಂದ ಕೊಯ್ದ ಗಡ್ಡೆಗಳನ್ನು ಮರದ ಹೊಟ್ಟಿನಲ್ಲಿ ಹುದುಗಿಸಿಟ್ಟರೆ ಬೇಸಿಗೆಯವರೆಗೂ ಬರುತ್ತಿತ್ತು. ನೆರೆಯ ಬೋಸ್ಟನ್‌ನಿಂದ ಇಂಥ ಗಡ್ಡೆ ಹೊತ್ತ ಹಡಗು 1833ರಲ್ಲಿ ಕಲ್ಕತ್ತೆಗೇ ಬಂದು ಮುಟ್ಟಿತ್ತು. ಮದರಾಸಿನ ಕಡಲ ದಂಡೆಯಲ್ಲಿರುವ 'ಐಸ್ ಹೌಸ್' ಆ ವ್ಯಾಪಾರದ ಕುರುಹು. ಸ್ವಾಮಿ ವಿವೇಕಾನಂದರು 1897ರಲ್ಲಿ ತಂಗಿದ್ದ ಕಟ್ಟಡ ಅದೇ.

ಈಗ ಆ ಮಂಜುಗಡ್ಡೆಯ ಭರವಸೆಯೇ ಸಡಿಲವಾಗುತ್ತಿದೆ. ಶಾಂಪ್ಲೇನ್ ಸರೋವರ ಯಾವ ದಿನ ಪೂರ್ತಿ ಹೆಪ್ಪುಗಟ್ಟಿತು ಎಂಬ ಲೆಕ್ಕ 1816ರಿಂದಲೂ ಸಿಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಹೆಪ್ಪುಗಟ್ಟದೆ ಉಳಿದದ್ದು ಬೆರಳೆಣಿಕೆಯ ವರ್ಷ. ಇತ್ತೀಚಿನ ದಶಕಗಳಲ್ಲಿ ತೆರೆದೇ ಉಳಿಯುವುದು ಸಾಮಾನ್ಯವಾಗಿದೆ. ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯುವವರು, ಹಿಮದ ಮೇಲೆ ಓಡುವ ಮೋಟಾರು ಬಂಡಿಗಳನ್ನು ನಂಬಿದ ಹೋಟೆಲಿನವರು, ಎಲ್ಲರೂ ಥರ್ಮಾಮೀಟರ್ ನೋಡುತ್ತ ಕೂರಬೇಕಾಗಿದೆ. ಮಂಜುಗಡ್ಡೆ ನಾಲ್ಕು ಅಂಗುಲ ದಪ್ಪವಾಗದೆ ಅದರ ಮೇಲೆ ಕಾಲಿಡಬಾರದೆಂಬುದು ಹಿರಿಯರ ಎಚ್ಚರಿಕೆ. ಮೀನುಗಾರರ ಗುಡಿಸಲುಗಳನ್ನು ಮಾರ್ಚ್ 15ರೊಳಗೆ ತೆಗೆದುಬಿಡಬೇಕೆಂದು ರಾಜ್ಯದ ಕಾನೂನೇ ಇದೆ.

ಅಷ್ಟು ಹೊತ್ತಿಗೆ ಮೇಪಲ್ ಮರಗಳು ಎಚ್ಚರಗೊಂಡಿರುತ್ತವೆ. ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಕರಗುವ ಬಿಸಿಲು, ಇವೆರಡೂ ಸೇರಿದರೆ ಮರದೊಳಗಿನ ರಸ ಹರಿಯುತ್ತದೆ. ಕಾಂಡಕ್ಕೆ ತೂತು ಕೊರೆದು ಇಳಿಸಿಕೊಂಡ ಸುಮಾರು ನಲವತ್ತು ಲೀಟರ್ ರಸವನ್ನು ಕಾಯಿಸಿದರೆ ಒಂದು ಲೀಟರ್ ಪಾಕ. ಆ ಕಾಯಿಸುವ ಮನೆ ಥೇಟು ನಮ್ಮ ಆಲೆಮನೆ: ಅಗಲವಾದ ಬಾನಿ, ಕೆಳಗೆ ಧಗಧಗ ಬೆಂಕಿ, ಛಾವಣಿಯಿಂದ ಏಳುವ ಸಿಹಿ ಹಬೆ, ಸುತ್ತ ಬಟ್ಟಲು ಹಿಡಿದು ನಿಂತ ಮಕ್ಕಳು. ಬಿಸಿ ಪಾಕವನ್ನು ಹೊರಗಿನ ಹಿಮದ ಮೇಲೆ ಸುರಿದರೆ ಜಗಿಯುವ ಮಿಠಾಯಿ ಆಗುತ್ತದೆ. ಏಪ್ರಿಲಿನಲ್ಲಿ ಹಿಮ ಕರಗಿ ಮಣ್ಣಿನ ರಸ್ತೆಗಳೆಲ್ಲ ಕೆಸರಾದಾಗ ಬಾನಿ ತೊಳೆದಿಡುತ್ತಾರೆ. ಆಮೇಲೆ ಕೊಡಲಿ ಹೊರಗೆ ಬರುತ್ತದೆ. ಮುಂದಿನ ಚಳಿಗಾಲದ ಸೌದೆ ಒಣಗಬೇಕಾದರೆ ಆಗಲೇ ಸೀಳಬೇಕು.