ನೆರೆ ಇಳಿದ ಮೇಲೆ ತಲೆಬಾಗಿಲು

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಲೋಳಸೂರ ಸೇತುವೆ ಮುಳುಗಿತು, ಗೋಕಾಕ ಪೇಟೆಯೊಳಗೇ ಹೊಳೆ ಹರಿಯಿತು. ಅದೇ ತಾಲ್ಲೂಕಿನ ಮೇಲವಂಕಿ ಸೀಮೆಯ ಜನರಿಗೆ ಇಂಥ ನೆರೆ ಹೊಸದಲ್ಲ. ನೀರು ಇಳಿದ ಮೇಲೆ ಮನೆಮನೆಯಲ್ಲೂ ಅದೇ ತಾಪತ್ರಯ: ಬಾಗಿಲು ಉಬ್ಬಿದೆ, ಚೌಕಟ್ಟಿಗೆ ಕೂಡುತ್ತಿಲ್ಲ. ಬಡಗಿ ಬಂದು ರಂದಾ ಹೊಡೆದು ಹೋಗುತ್ತಾನೆ. ಕಳ್ಳನಿಗೆ ದಾರಿ ಅಲ್ಲಿಂದಲೇ ಶುರುವಾಗುತ್ತದೆ.

ಮರ ನೀರು ಕುಡಿದರೆ ಉದ್ದಕ್ಕೆ ಬೆಳೆಯುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ಹಿಗ್ಗುವುದರಲ್ಲಿ ಸಂಯಮವಿರುವ ಸಾಗುವಾನಿಯೂ ಸುಮ್ಮನಿರದು. 30 ಸೆಂ.ಮೀ. ಅಗಲದ ಹಲಗೆಯ ತೇವ ಶೇ 12ರಿಂದ 20ಕ್ಕೆ ಏರಿದರೆ, ಕೊಯ್ದ ಬಗೆಯನ್ನು ಅವಲಂಬಿಸಿ, ಅಗಲ 2ರಿಂದ 5 ಮಿ.ಮೀ. ಹೆಚ್ಚುತ್ತದೆ. ಒದ್ದೆಯಲ್ಲೇ ಕೆತ್ತಿದ ಬಾಗಿಲು ಬೇಸಿಗೆಯಲ್ಲಿ ಕುಗ್ಗಿ ಸಂದು ಬಿಡುತ್ತದೆ. ಸಂದು ದೊಡ್ಡದಾದಷ್ಟೂ ಕೀಲಿಯ ನಾಲಿಗೆ ಚೌಕಟ್ಟಿನೊಳಗೆ ಕಡಿಮೆ ಹೊಗುತ್ತದೆ, ಮೀಟುವ ಸಲಾಕೆಗೆ ಜಾಗ ಸಿಗುತ್ತದೆ. ಆದ್ದರಿಂದ ನೆನೆದ ಬಾಗಿಲನ್ನು ಬಿಚ್ಚಿ, ನೆರಳಲ್ಲಿ ಕೆಲವು ವಾರ ಒಣಗಲು ಬಿಡಿ. ಬದಲಿಸಬೇಕೋ ಬೇಡವೋ ಎಂಬುದು ಆಮೇಲಿನ ಮಾತು.

ಹೊಸ ಬಾಗಿಲು ಕೊಳ್ಳುವವರು ಹಲಗೆಯನ್ನು ಬೆರಳಿಂದ ತಟ್ಟಿ ನೋಡುತ್ತಾರೆ. ಆದರೆ ಒಳಕ್ಕೆ ತೆರೆಯುವ ಬಾಗಿಲನ್ನು ಹೊರಗಿಂದ ಒದ್ದಾಗ ಹಲಗೆ ಮುರಿಯುವುದು ಅಪರೂಪ. ಒದೆತದ ಬಲವೆಲ್ಲ ಬಿಜಾಗರಿಗೂ ನಾಲಿಗೆ ಹೊಗುವ ತೂತಿಗೂ ಹೋಗಿ ಬೀಳುತ್ತದೆ. ಅಲ್ಲಿ ತಗಡಿನ ಪಟ್ಟಿಯನ್ನು ಹಿಡಿದಿರುವುದು ಮುಕ್ಕಾಲು ಇಂಚಿನ ಎರಡು ಸ್ಕ್ರೂ. ತೂತಿಗೂ ಚೌಕಟ್ಟಿನ ಅಂಚಿಗೂ ನಡುವೆ ಉಳಿದಿರುವುದು ಬೆರಳಗಲದ ಕಟ್ಟಿಗೆ. ಅದು ಎಳೆಯುದ್ದಕ್ಕೆ ಸೀಳಿಕೊಳ್ಳುತ್ತದೆ. ನಮ್ಮ ಭಾಗದ ಹಳೆಯ ವಾಡೆಗಳ ಅಗಳಿಯನ್ನು ನೋಡಿದವರಿಗೆ ಇದರ ಪರಿಹಾರ ಗೊತ್ತು. ಗೋಡೆಯ ಪೊಟರೆಯಿಂದ ಎಳೆದರೆ ಮರದ ತೊಲೆ ಬಾಗಿಲ ಹಿಂದೆ ಅಡ್ಡಲಾಗಿ ಸರಿದು ಎದುರು ಗೋಡೆಯ ತೂತಿಗೆ ಹೊಗುತ್ತದೆ. ಒದೆತವನ್ನು ಕಲ್ಲುಗೋಡೆಯೇ ತಡೆಯುತ್ತದೆ. ಇಂದು ಅದೇ ಕೆಲಸವನ್ನು ಮೂರಿಂಚಿನ ಸ್ಕ್ರೂ, ದಪ್ಪ ಉಕ್ಕಿನ ಪಟ್ಟಿ ಹಾಗೂ ಚೌಕಟ್ಟನ್ನು ಗೋಡೆಗೆ ಬಿಗಿಯುವ ಹೋಲ್ಡ್‌ಫಾಸ್ಟ್ ಮಾಡಬಲ್ಲವು. ಖರ್ಚು ಅಲ್ಪ, ಗಳಿಕೆ ದೊಡ್ಡದು. ಹೊರಗೆ ಅಲ್ಡ್ರಾಪ್ ಹಾಕಿಸುವುದಾದರೆ ಸ್ಕ್ರೂ ಬೇಡ. ಆರಪಾರ ಬೋಲ್ಟ್ ಹಾಕಿ ಒಳಗಡೆ ನಟ್ ಬಿಗಿಸಿ.

ಲಿವರ್ ಕೀಲಿಯ ಗುಟ್ಟನ್ನು 1778ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ ಕಂಡುಕೊಂಡ. ಒಳಗಿನ ಪ್ರತಿ ಲಿವರನ್ನೂ ಕೀಲಿಕೈ ಸರಿಯಾದ ಎತ್ತರಕ್ಕೇ ಎತ್ತಬೇಕು. ಕೂದಲೆಳೆ ಕಡಿಮೆಯಾದರೂ ನಾಲಿಗೆ ಸರಿಯದು, ಹೆಚ್ಚಾದರೂ ಸರಿಯದು. ಲಿವರ್ ಹೆಚ್ಚಿದಷ್ಟೂ ಕಳ್ಳನಿಗೆ ಈ ಹೊಂದಿಕೆ ಕಷ್ಟ, ಅದಕ್ಕೇ ಅಂಗಡಿಯಲ್ಲಿ ಆರು ಲಿವರ್, ಏಳು ಲಿವರ್ ಎಂದು ಹೇಳುವುದು.

ಇನ್ನು ಬಾಗಿಲು. ಹಳೆಯ ಚೌಕಟ್ಟಿನ ಬುಡಕ್ಕೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಗೆದ್ದಲು ತಿಂದಿದ್ದರೆ, ಕೊಳೆತಿದ್ದರೆ ಮೊನೆ ಸಲೀಸಾಗಿ ಇಳಿಯುತ್ತದೆ. ಗಟ್ಟಿಯಿದ್ದರೆ ಚೌಕಟ್ಟು ಕೀಳಿಸಬೇಡಿ, ಅರ್ಧ ದುಡ್ಡು ಅಲ್ಲೇ ಉಳಿಯಿತು. ಹೊಸ ಸಾಗುವಾನಿ ಕೈಗೆಟುಕದವರಿಗೆ ನನ್ನ ಆಯ್ಕೆ ಒಳಗೆ ಪೊಳ್ಳಿಲ್ಲದ ಫ್ಲಶ್ ಬಾಗಿಲು, ಐಎಸ್ 2202 ಗುರುತಿನದು. ಅದರ ಪದರಗಳ ಎಳೆಗಳು ಒಂದಕ್ಕೊಂದು ಅಡ್ಡವಾಗಿರುವುದರಿಂದ ಹಿಗ್ಗುವಿಕೆಯನ್ನು ತಾವೇ ತಡೆಯುತ್ತವೆ. ಅಂಟು ಯಾವುದೆಂದು ಕೇಳಲೇಬೇಕು: ಯೂರಿಯಾ ಅಂಟು ನೆನೆದರೆ ಬಿಡುತ್ತದೆ, ಫಿನಾಲ್ ಅಂಟು ಕುದಿನೀರಿಗೂ ಜಗ್ಗದು. ತಗಡಿನ ಬಾಗಿಲು ಅಗ್ಗವೂ ಗಟ್ಟಿಯೂ ಆಗಬಹುದು, ಆದರೆ ಹಲವು ಮಾದರಿಗಳ ಹೊಟ್ಟೆಯಲ್ಲಿರುವುದು ಕಾಗದದ ಜೇನುಗೂಡು. ನೆರೆಯ ನೀರು ಹೊಕ್ಕರೆ ಆರುವುದಿಲ್ಲ. ಯಾವುದೇ ಮರದ ಬಾಗಿಲಾಗಲಿ, ನಿಲ್ಲಿಸುವ ಮೊದಲೇ ಕೆಳಗಿನ ಅಂಚಿಗೆ ಬಣ್ಣ ಹೊಡೆಸಿ. ಮರ ಹೆಚ್ಚು ನೀರು ಎಳೆಯುವುದು ಎಳೆಗಳ ತುದಿಯಿಂದ. ಬಣ್ಣದವರು ಮರೆಯುವುದೂ ಅದನ್ನೇ.

ನೆರೆಯನ್ನೇ ತಡೆಯುವ ಬಾಗಿಲನ್ನು ಮಾತ್ರ ಹುಡುಕಬೇಡಿ. 90 ಸೆಂ.ಮೀ. ಅಗಲದ ಬಾಗಿಲಿನ ಹೊರಗೆ ಒಂದು ಮೀಟರ್ ನೀರು ನಿಂತರೆ ಅದರ ಒತ್ತಡ ಸುಮಾರು 450 ಕಿಲೋ ಭಾರಕ್ಕೆ ಸಮ. ನೀರು ಎರಡರಷ್ಟು ಏರಿದರೆ ಒತ್ತಡ ನಾಲ್ಕರಷ್ಟಾಗುತ್ತದೆ. ಘಟಪ್ರಭೆಯ ಹಿಡಕಲ್ ಜಲಾಶಯದಿಂದ ನೀರು ಬಿಟ್ಟ ರಾತ್ರಿ ಮನೆಮಂದಿಯೆಲ್ಲ ಕತ್ತಲಲ್ಲೇ ಹೊರಬೀಳಬೇಕಾದೀತು. ಅದಕ್ಕೇ ಹೊರಗೆ ಕೀಲಿಕೈ, ಒಳಗೆ ಕೈಯಿಂದಲೇ ತಿರುಗಿಸುವ ಗುಬ್ಬಿ ಇರುವ ಕೀಲಿಯನ್ನೇ ಕೇಳಿ ಕೊಳ್ಳಿ.