ಕೊನೆಯ ದೀಪ ಏಕೆ ಮಂಕಾಗುತ್ತದೆ?

ಅಂಗಳಕ್ಕೆ, ಗೇಟಿಗೆ, ಕಾಂಪೌಂಡಿಗೆ 12 ವೋಲ್ಟಿನ ಎಲ್‌ಇಡಿ ದೀಪ ಹಾಕಿಸುವುದು ನಮ್ಮ ಕರಾವಳಿಯ ಊರುಗಳಲ್ಲಿ ಈಗ ಸಾಮಾನ್ಯ. ರಾತ್ರಿಯಿಡೀ ಉರಿದರೂ ಕರೆಂಟ್ ಬಿಲ್ ಹೆಚ್ಚು ಬರುವುದಿಲ್ಲ, ಮಳೆಯಲ್ಲಿ ಒದ್ದೆಯಾದರೂ ಶಾಕ್‌ನ ಭಯ ಕಡಿಮೆ. ಆದರೆ ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಅನೇಕ ಮನೆಗಳಿಂದ ಒಂದೇ ದೂರು ಕೇಳಿಬರುತ್ತದೆ. ಮನೆಯ ಹತ್ತಿರದ ದೀಪಗಳು ಚೆನ್ನಾಗಿ ಉರಿಯುತ್ತವೆ, ಗೇಟಿನ ಹತ್ತಿರದವು ಮಂಕು. ಕಳ್ಳ ಬರುವುದು ಗೇಟಿನ ಕಡೆಯಿಂದ, ಬೆಳಕು ಇರುವುದು ಸಿಟೌಟಿನಲ್ಲಿ!

ನಮ್ಮ ಮನೆಯಲ್ಲಿ ಇಂಥ ಆರು ದೀಪಗಳಿವೆ, ಒಂದೊಂದೂ 5 ವ್ಯಾಟಿನದು. ಸಿಟೌಟಿನಿಂದ ಗೇಟಿನವರೆಗೆ 30 ಮೀಟರ್ ದಾರಿ, ಐದೈದು ಮೀಟರಿಗೆ ಒಂದು ದೀಪ. ಅಂಗಳದಲ್ಲಿ ಒಣಗಲು ಹಾಕುವ ಅಡಿಕೆಯ ಕಾವಲಿಗೆಂದು ಉಪ್ಪ ಹಾಕಿಸಿದ್ದು. ಈಗ ಅದರ ದೊಡ್ಡ ಉಪಯೋಗ ಅಜ್ಜನಿಗೆ. ಸುಬಹಿ ನಮಾಝಿಗೆ ಅವರು ಕತ್ತಲಲ್ಲೇ ಮಸೀದಿಗೆ ಹೊರಡುತ್ತಾರೆ. ಗೇಟಿನ ಹತ್ತಿರ ಕೆಂಪುಕಲ್ಲಿನ ಎಂಟು ಮೆಟ್ಟಿಲುಗಳಿವೆ, ಮಳೆಗಾಲದಲ್ಲಿ ಅವಕ್ಕೆ ಪಾಚಿ ಹಿಡಿಯುತ್ತದೆ. ಕಳೆದ ಮಳೆಗಾಲದಲ್ಲಿ ಮಂಕಾದದ್ದು ಆ ಮೆಟ್ಟಿಲುಗಳ ಮೇಲಿನ ಮೂರು ದೀಪಗಳೇ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಕೊಡೆ ಹಿಡಿದವರು ಟಾರ್ಚ್ ಹಿಡಿಯುವುದು ಯಾವ ಕೈಯಲ್ಲಿ?

ರಿಪೇರಿಗೆ ಬಂದವರು ಗೇಟಿನ ಬಳಿಯ ಕೊನೆಯ ದೀಪವನ್ನು ಬಿಚ್ಚಿದರು. ಅದಕ್ಕೆ ಬರುವ ಎರಡು ವಯರ್‌ಗಳ ತುದಿಗೆ ಮಲ್ಟಿಮೀಟರ್ ಹಿಡಿದಾಗ ಸರಿಯಾಗಿ 12 ವೋಲ್ಟ್ ತೋರಿಸಿತು. "ವಯರ್ ಸರಿಯಾಗಿದೆ, ದೀಪವೇ ಹೋಗಿದೆ" ಎಂದರು. ಹೊಸ ದೀಪ ಹಾಕಿದರೆ ಅದೂ ಮಂಕು. ಹಾಗಾದರೆ ಡ್ರೈವರ್ ಹೋಗಿರಬೇಕು, ಎಲ್ಲವನ್ನೂ ಬದಲಿಸುವುದೇ ಒಳ್ಳೆಯದು ಎಂದು ಮೂರೂವರೆ ಸಾವಿರದ ಲೆಕ್ಕ ಕೊಟ್ಟು ಹೋದರು. ಮೀಟರ್ ತೋರಿಸಿದ 12 ವೋಲ್ಟ್ ಸುಳ್ಳಲ್ಲ. ಆದರೆ ಅದನ್ನು ಅಳೆದದ್ದು ತಪ್ಪು ಹೊತ್ತಿನಲ್ಲಿ. ದ್ವಿತೀಯ ಪಿಯುಸಿಯ ಭೌತಶಾಸ್ತ್ರದಲ್ಲಿ ನಾವು ಓದುವ ವಿದ್ಯುತ್ ಪ್ರವಾಹದ ಪಾಠ ಇಡಿಯಾಗಿ ಈ ಒಂದು ವಿಷಯದಲ್ಲಿ ಅಡಗಿದೆ.

ಕಲಾ, ವಾಣಿಜ್ಯ ವಿಭಾಗದ ಗೆಳೆಯರಿಗಾಗಿ ತೋಟದ ಉದಾಹರಣೆ ಕೊಡುತ್ತೇನೆ. ಸ್ಪ್ರಿಂಕ್ಲರ್ ಪೈಪಿನಲ್ಲಿ ಎಲ್ಲೋ ಒಂದು ಕಡೆ ಕಸ ಕಟ್ಟಿದೆ ಎಂದುಕೊಳ್ಳಿ. ಎಲ್ಲ ಜೆಟ್‌ಗಳನ್ನೂ ಮುಚ್ಚಿ ಪಂಪ್ ಚಾಲೂ ಮಾಡಿದರೆ ಪೈಪಿನ ಕೊನೆಯಲ್ಲೂ ಪೂರ್ತಿ ಒತ್ತಡ ಇರುತ್ತದೆ, ಏಕೆಂದರೆ ನೀರು ಹರಿಯುತ್ತಿಲ್ಲ. ಜೆಟ್‌ಗಳನ್ನು ತೆರೆದು ನೋಡಿ. ಕಸ ಕಟ್ಟಿದ ಜಾಗದಿಂದ ಆಚೆ ನೀರು ಚಿಮ್ಮುವುದಿಲ್ಲ, ತೊಟ್ಟಿಕ್ಕುತ್ತದೆ. ವಯರ್‌ನಲ್ಲಿಯೂ ಹಾಗೆಯೇ. ವೋಲ್ಟೇಜ್ ಕಳೆದುಹೋಗುವುದು ಕರೆಂಟ್ ಹರಿಯುವಾಗ ಮಾತ್ರ. ಓಮ್‌ನ ನಿಯಮದಂತೆ ಕಳೆದುಹೋಗುವ ವೋಲ್ಟೇಜ್ ಎಂದರೆ ಕರೆಂಟ್ ಮತ್ತು ರೋಧದ ಗುಣಲಬ್ಧ. ಕೊನೆಯ ದೀಪವನ್ನೇ ಬಿಚ್ಚಿಬಿಟ್ಟರೆ ಅದರ ವಯರ್‌ನಲ್ಲಿ ಕರೆಂಟ್ ಸೊನ್ನೆ, ಅಲ್ಲಿ ನಷ್ಟವೂ ಸೊನ್ನೆ. ಉಳಿದ ದೀಪಗಳನ್ನೂ ಬಿಚ್ಚಿದ್ದರೆ ಎಲ್ಲೆಲ್ಲೂ 12 ವೋಲ್ಟೇ. ರಿಪೇರಿಯವರು ಹಾಗೆಯೇ ಒಂದೊಂದಾಗಿ ಎಲ್ಲವನ್ನೂ ಬಿಚ್ಚಿಟ್ಟು ಅಳೆದಿದ್ದರು. ಆದ್ದರಿಂದ ಮೊದಲ ಮಾತು: ದೀಪಗಳು ಉರಿಯುತ್ತಿರುವಾಗಲೇ ಅಳೆಯಬೇಕು.

ಇಷ್ಟೊಂದು ತಲೆನೋವು 12 ವೋಲ್ಟಿಗೇ ಏಕೆ, ಮನೆಯೊಳಗಿನ 230 ವೋಲ್ಟಿನ ಬಲ್ಬಿಗೆ ಏಕಿಲ್ಲ? ಲೆಕ್ಕ ಸುಲಭ. ಆರು ದೀಪ ಸೇರಿ 30 ವ್ಯಾಟ್. 230 ವೋಲ್ಟಿನಲ್ಲಿ ಇದಕ್ಕೆ 0.13 ಆಂಪಿಯರ್ ಸಾಕು. 12 ವೋಲ್ಟಿನಲ್ಲಿ 2.5 ಆಂಪಿಯರ್ ಬೇಕು. ನಮ್ಮಲ್ಲಿ ಹಾಕಿದ್ದು ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ವಯರ್. ಹೋಗಲು 30 ಮೀಟರ್, ಬರಲು 30 ಮೀಟರ್, ಒಟ್ಟು 60. ತಾಮ್ರದ ರೋಧಶೀಲತೆ ಸುಮಾರು 1.7×10⁻⁸ ಓಮ್-ಮೀಟರ್ ಎಂದು ಪುಸ್ತಕದಲ್ಲಿದೆ. ಗುಣಿಸಿ ಭಾಗಿಸಿದರೆ ಈ ವಯರ್‌ನ ರೋಧ ಹತ್ತಿರ ಹತ್ತಿರ 1 ಓಮ್. ಎಲ್ಲ ದೀಪಗಳೂ ಗೇಟಿನಲ್ಲೇ ಇದ್ದಿದ್ದರೆ 12 ವೋಲ್ಟಿನಲ್ಲಿ ಎರಡೂವರೆ ವೋಲ್ಟ್ ದಾರಿಯಲ್ಲೇ ಖರ್ಚಾಗುತ್ತಿತ್ತು. ಅದೇ ವಯರ್‌ನಲ್ಲಿ 230 ವೋಲ್ಟ್ ಕಳುಹಿಸಿದ್ದರೆ ನಷ್ಟ 0.13 ವೋಲ್ಟ್, ಯಾರ ಗಮನಕ್ಕೂ ಬಾರದಷ್ಟು. ದೀಪಗಳು ದಾರಿಯುದ್ದಕ್ಕೂ ಹಂಚಿಹೋಗಿರುವುದರಿಂದ ಮುಂದೆ ಹೋದಂತೆ ವಯರ್‌ನಲ್ಲಿ ಕರೆಂಟ್ ಕಡಿಮೆಯಾಗುತ್ತದೆ, ಹಾಗಾಗಿ ನಿಜವಾದ ನಷ್ಟ ಎರಡೂವರೆಗಿಂತ ಕಡಿಮೆ. ನಮ್ಮ ಕೊನೆಯ ದೀಪಕ್ಕೆ ಹತ್ತೂವರೆಗಿಂತ ಹೆಚ್ಚು ವೋಲ್ಟ್ ಸಿಗಬೇಕಿತ್ತು.

ಎಷ್ಟು ಸಿಗುತ್ತಿದೆ ಎಂದು ಒಂದು ಸಂಜೆ, ಮಳೆ ಬಿಟ್ಟ ಮೇಲೆ ಅಳೆದೆ. ಮೀಟರನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ, ಉರಿಯುತ್ತಿರುವ ದೀಪದ ಕನೆಕ್ಟರಿನ ಎರಡು ಸ್ಕ್ರೂಗಳ ಮೇಲೆ ಕೆಂಪು, ಕಪ್ಪು ಕಡ್ಡಿಗಳನ್ನು ಇಟ್ಟರಾಯಿತು. ತಮ್ಮ ಟಾರ್ಚ್ ಹಿಡಿದು ಅಂಕಿಗಳನ್ನು ಬರೆದುಕೊಂಡ. ಡ್ರೈವರಿನ ಬಾಯಿಯಲ್ಲಿ 12.0. ಮೊದಲ ದೀಪದಲ್ಲಿ 11.7, ಎರಡನೆಯದರಲ್ಲಿ 11.5, ಮೂರನೆಯದರಲ್ಲಿ 11.4. ನಾಲ್ಕನೆಯದರಲ್ಲಿ 9.2! ಐದು ಮತ್ತು ಆರರಲ್ಲಿ 9.1.

ಡ್ರೈವರ್ ಸರಿಯಾಗಿದೆ ಎಂಬುದು ಮೊದಲ ಅಂಕಿಯಲ್ಲೇ ಗೊತ್ತಾಯಿತು. ಭಾರ ಹೊತ್ತೂ 12 ಕೊಡುತ್ತಿರುವ ಡ್ರೈವರನ್ನು ಬದಲಿಸುವುದು ಜ್ವರವಿಲ್ಲದವನಿಗೆ ಗುಳಿಗೆ ಕೊಟ್ಟಂತೆ. ವಯರ್ ತೆಳ್ಳಗಿರುವುದೇ ಕಾರಣವಾಗಿದ್ದರೆ ಅಂಕಿಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಮೂರು ಮತ್ತು ನಾಲ್ಕರ ನಡುವೆ ಹೀಗೆ ಒಮ್ಮೆಲೇ ಬೀಳುವುದೆಂದರೆ ತೊಂದರೆ ಆ ಐದು ಮೀಟರಿನೊಳಗೇ ಇದೆ. 9 ವೋಲ್ಟಿಗೆ ದೀಪ ಅಷ್ಟೊಂದು ಮಂಕಾಗುವುದಕ್ಕೂ ಕಾರಣವಿದೆ. ಸಾಮಾನ್ಯವಾಗಿ 12 ವೋಲ್ಟಿನ ದೀಪದಲ್ಲಿ ಮೂರು ಮೂರು ಬಿಳಿ ಎಲ್‌ಇಡಿಗಳನ್ನು ಒಂದು ರೆಸಿಸ್ಟರಿನ ಜೊತೆ ಸರಣಿಯಲ್ಲಿ ಜೋಡಿಸಿರುತ್ತಾರೆ. ಒಂದೊಂದು ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು, ಅಂದರೆ 9 ವೋಲ್ಟ್ ಅವುಗಳ ಬಾಗಿಲು ತೆರೆಯುವುದಕ್ಕೇ ಮುಗಿಯಿತು. ಹಾಗಾಗಿ ವೋಲ್ಟೇಜ್ ಕಾಲುಭಾಗ ಇಳಿದರೆ ಬೆಳಕು ಕಾಲುಭಾಗ ಇಳಿಯುವುದಿಲ್ಲ, ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ.

ಆ ಐದು ಮೀಟರಿನಲ್ಲಿ, ದಾಸವಾಳದ ಗಿಡದ ಬುಡದಲ್ಲಿ ಒಂದು ಜಾಯಿಂಟ್ ಇತ್ತು. ಮೊದಲ ಸುರುಳಿ ಸಾಲದೆ ಇನ್ನೊಂದು ವಯರ್ ಸೇರಿಸಿದ್ದು, ತಿರುಚಿ ಟೇಪ್ ಸುತ್ತಿ ಮಣ್ಣು ಮುಚ್ಚಿದ್ದರು. ಜಾಯಿಂಟ್ ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಲು ಒಂದು ಚೆಂದದ ಉಪಾಯವಿದೆ. ಪ್ಲಸ್ ಮತ್ತು ಮೈನಸ್ ನಡುವೆ ಅಳೆಯುವ ಬದಲು ಒಂದೇ ವಯರ್‌ನಲ್ಲಿ ಜಾಯಿಂಟಿನ ಈಚೆಗೊಂದು, ಆಚೆಗೊಂದು ಕಡ್ಡಿ ಇಟ್ಟು ಅಳೆಯಬೇಕು. ಒಳ್ಳೆಯ ಜಾಯಿಂಟ್ ಆದರೆ ಮೀಟರ್ ಸೊನ್ನೆಯ ಹತ್ತಿರ ಇರುತ್ತದೆ. ಎರಡೂ ಬದಿಯ ಇನ್ಸುಲೇಷನ್ನಿಗೆ ಗುಂಡುಸೂಜಿ ಚುಚ್ಚಿ ಅಳೆದೆ, ಹೇಗೂ ಆ ತುಂಡು ಕತ್ತರಿಸಿ ತೆಗೆಯುವುದೇ ಇತ್ತು. ಮೈನಸ್ ಜಾಯಿಂಟಿನಲ್ಲಿ 0.02 ವೋಲ್ಟ್. ಪ್ಲಸ್ ಜಾಯಿಂಟಿನಲ್ಲಿ 2.1.

ಆಮೇಲೆ ನಾಲ್ಕನೇ ದೀಪದ ಹಿಂದೆ ವಯರ್ ಬಿಚ್ಚಿ ಮೀಟರನ್ನೇ ಸರಣಿಯಲ್ಲಿ ಸೇರಿಸಿ ಕರೆಂಟ್ ನೋಡಿದೆ: 0.35 ಆಂಪಿಯರ್. ಭಾಗಿಸಿದರೆ 6 ಓಮ್. 60 ಮೀಟರ್ ತಾಮ್ರಕ್ಕೆ 1 ಓಮ್, ಒಂದು ಉಗುರಿನಷ್ಟು ಜಾಗಕ್ಕೆ 6 ಓಮ್! (ಕರೆಂಟ್ ಅಳೆಯಲು ಕೆಂಪು ಕಡ್ಡಿಯನ್ನು 10 ಆಂಪಿಯರಿನ ತೂತಿಗೆ ಹಾಕುತ್ತೇವಲ್ಲ, ಮುಗಿದ ಕೂಡಲೇ ಅದನ್ನು ವೋಲ್ಟಿನ ತೂತಿಗೆ ಮರಳಿಸಿ. ಇಲ್ಲದಿದ್ದರೆ ಮುಂದಿನ ಸಲ ವೋಲ್ಟ್ ಅಳೆಯಲು ಹೋಗಿ ಶಾರ್ಟ್ ಮಾಡುತ್ತೀರಿ. ನಮ್ಮ ಲ್ಯಾಬಿನ ಮೀಟರುಗಳ ಫ್ಯೂಸ್ ಹೋಗುವುದು ಹೆಚ್ಚಾಗಿ ಹೀಗೆಯೇ.)

ಟೇಪ್ ಬಿಚ್ಚಿದಾಗ ಪ್ಲಸ್ ವಯರ್‌ನ ಎಳೆಗಳು ಹಸಿರು ಪುಡಿಯಾಗಿದ್ದವು, ಪಕ್ಕದ ಮೈನಸ್ ಸ್ವಲ್ಪ ಕಪ್ಪಾಗಿತ್ತು ಅಷ್ಟೆ. ಒಂದೇ ಟೇಪಿನೊಳಗೆ, ಒಂದೇ ಮಳೆಯಲ್ಲಿ ನೆನೆದ ಎರಡು ವಯರ್‌ಗಳಿಗೆ ಎರಡು ಗತಿ. ಇದಕ್ಕೆ ಉತ್ತರ ರಸಾಯನಶಾಸ್ತ್ರದ ವಿದ್ಯುದ್ರಸಾಯನ ಪಾಠದಲ್ಲಿದೆ. ಟೇಪಿನೊಳಗೆ ನಿಂತ ನೀರಿನಲ್ಲಿ ಮಣ್ಣಿನ ಲವಣ, ಸಮುದ್ರದ ಗಾಳಿಯ ಉಪ್ಪು ಕರಗಿರುತ್ತದೆ. ಅದರಲ್ಲಿ ಎರಡು ತಾಮ್ರದ ತುದಿಗಳು, ನಡುವೆ ಡಿಸಿ ವೋಲ್ಟೇಜ್. ಇದು ಪುಟ್ಟ ಎಲೆಕ್ಟ್ರೋಲಿಸಿಸ್ ಕೋಶವಲ್ಲದೆ ಮತ್ತೇನು? ಆನೋಡಿನಲ್ಲಿರುವ ತಾಮ್ರ ಎರಡೆರಡು ಎಲೆಕ್ಟ್ರಾನ್ ಬಿಟ್ಟು ಅಯಾನಾಗಿ ಕರಗುತ್ತಾ ಹೋಗುತ್ತದೆ. ಅಶುದ್ಧ ತಾಮ್ರವನ್ನು ಶುದ್ಧೀಕರಿಸುವಾಗ ಆನೋಡ್ ಸವೆಯುವುದು ಇದೇ ರೀತಿ. ನಮ್ಮ ದೀಪಗಳು ಪ್ರತಿ ರಾತ್ರಿ ಹನ್ನೆರಡು ಗಂಟೆ ಈ ಪ್ರಯೋಗ ಮಾಡುತ್ತಿದ್ದವು.

ಸರಿಪಡಿಸುವಾಗ ಹಸಿರಾದ ತುದಿಯನ್ನಷ್ಟೇ ಕೆರೆದು ಮತ್ತೆ ತಿರುಚಿದರೆ ಹೆಚ್ಚು ದಿನ ಬಾಳುವುದಿಲ್ಲ. ಎಳೆಗಳ ನಡುವೆ ನೀರು ಬತ್ತಿಯಲ್ಲಿ ಎಣ್ಣೆ ಏರಿದಂತೆ ಇನ್ಸುಲೇಷನ್ನಿನೊಳಗೆ ಏರಿರುತ್ತದೆ. ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸುತ್ತಾ ಹೋಗಬೇಕು. ನಮ್ಮಲ್ಲಿ ಒಂದು ಗೇಣು ಹೋಯಿತು. ಹೊಸ ತುಂಡು ಸೇರಿಸಿ ಸೋಲ್ಡರ್ ಮಾಡಿ, ಪ್ಲಸ್‌ಗೂ ಮೈನಸ್‌ಗೂ ಬೇರೆ ಬೇರೆಯಾಗಿ, ಒಳಗೆ ಅಂಟಿರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿದೆ. ಎರಡು ಜಾಯಿಂಟುಗಳನ್ನೂ ಎದುರುಬದುರು ಇಡದೆ ಹಿಂದೆ ಮುಂದೆ ಮಾಡಿದೆ. ನಂತರ ನೆಲದಿಂದ ಎರಡು ಅಡಿ ಮೇಲೆ ಒಂದು ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸ್, ವಯರ್‌ಗಳು ಅದರ ಕೆಳಗಿನಿಂದ ಒಳಬರುವಂತೆ. ಮೇಲಿನಿಂದ ಬಂದರೆ ವಯರ್ ಹಿಡಿದುಕೊಂಡೇ ನೀರೂ ಬರುತ್ತದೆ. ಬಾಕ್ಸಿನ ಸಂದಿಗೆ ಸಿಲಿಕೋನ್ ಹಚ್ಚುವುದಾದರೆ ವಿನೆಗರ್ ವಾಸನೆ ಬರುವುದನ್ನು ಬಿಟ್ಟು ನ್ಯೂಟ್ರಲ್ ಎಂದು ಬರೆದಿರುವುದನ್ನೇ ಕೊಳ್ಳಿ. ಆ ವಾಸನೆ ಅಸಿಟಿಕ್ ಆಮ್ಲದ್ದು, ಅದು ತಾಮ್ರವನ್ನು ತಿನ್ನುತ್ತದೆ.

ರಿಪೇರಿಯ ನಂತರ ಮತ್ತೆ ಅಳೆದಾಗ ಕೊನೆಯ ದೀಪದಲ್ಲಿ 10.8. ತಮಾಷೆಯೆಂದರೆ ಮೂರನೇ ದೀಪದ ಅಂಕಿ ಮೊದಲು 11.4 ಇದ್ದದ್ದು ಈಗ 11.1ಕ್ಕೆ ಇಳಿದಿತ್ತು. ತಮ್ಮ ಗಾಬರಿಯಾದ. ಗಾಬರಿ ಬೇಡ, ಮುಂದಿನ ಮೂರು ದೀಪಗಳು ಈಗ ತಮ್ಮ ಪಾಲಿನ ಕರೆಂಟ್ ಎಳೆಯುತ್ತಿವೆ, ಹಾಗಾಗಿ ಮೊದಲ ಭಾಗದ ವಯರ್‌ನಲ್ಲಿ ನಷ್ಟ ಸ್ವಲ್ಪ ಹೆಚ್ಚಿದೆ. ಖರ್ಚು ಮುನ್ನೂರು ರೂಪಾಯಿಯನ್ನೂ ಮುಟ್ಟಲಿಲ್ಲ.

ಜಾಯಿಂಟುಗಳೆಲ್ಲ ಸರಿಯಿದ್ದು, ಅಂಕಿಗಳು ಸಮನಾಗಿ ಇಳಿಯುತ್ತಾ ಹೋಗಿ ಕೊನೆಯದು ತೀರಾ ಕಡಿಮೆಯಾದರೆ ಮಾತ್ರ ವಯರ್ ಬದಲಿಸುವ ಮಾತು. ಎರಡೂವರೆ ಚದರ ಮಿಲಿಮೀಟರಿನದು ಹಾಕಿದರೆ ನಷ್ಟ ಅರ್ಧಕ್ಕಿಂತ ಕೆಳಗೆ ಬರುತ್ತದೆ. ಡ್ರೈವರನ್ನು ದೀಪಗಳ ಸಾಲಿನ ನಡುಭಾಗಕ್ಕೆ ತಂದರೂ ಆಗುತ್ತದೆ. ಕೆಲವು ಡ್ರೈವರುಗಳಲ್ಲಿ ವೋಲ್ಟೇಜ್ ಏರಿಸುವ ಸಣ್ಣ ಸ್ಕ್ರೂ ಇರುತ್ತದೆ, ಅದನ್ನು ತಿರುಗಿಸಿ ಕೊನೆಯ ದೀಪವನ್ನು ಬೆಳಗಿಸುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಮೊದಲ ದೀಪ ಅಗತ್ಯಕ್ಕಿಂತ ಹೆಚ್ಚು ಬಿಸಿಯಾಗಿ ಬೇಗ ಹೋಗುತ್ತದೆ, ಕೆಟ್ಟ ಜಾಯಿಂಟ್ ಕೆಟ್ಟದ್ದಾಗಿಯೇ ಉಳಿದು ಇನ್ನಷ್ಟು ಕಾಯುತ್ತದೆ.

ಬೇರೆ ತೊಂದರೆಗಳೂ ಇವೆ. ಎಲ್ಲ ದೀಪಗಳೂ ಒಟ್ಟಿಗೆ, ಕ್ಷಣಕ್ಕೊಮ್ಮೆ ಹತ್ತಿ ಆರುತ್ತಿದ್ದರೆ ಎಲ್ಲೋ ಶಾರ್ಟ್ ಆಗಿದೆ ಅಥವಾ ಭಾರ ಹೆಚ್ಚಾಗಿದೆ, ಡ್ರೈವರ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ ಎಂದರ್ಥ. ಸಾಲಿನ ನಡುವೆ ವಯರ್ ಬಿಚ್ಚಿ, ಮೊದಲ ಅರ್ಧ ಸರಿಯಾಗಿ ಉರಿದರೆ ತೊಂದರೆ ಎರಡನೇ ಅರ್ಧದಲ್ಲಿ. ಅದನ್ನೂ ಅರ್ಧ ಮಾಡಿ. ಕತ್ತಲಾದಾಗ ತಾನಾಗಿ ಉರಿಯುವ ದೀಪ ನಿಮಿಷಕ್ಕೊಮ್ಮೆ ಆರಿ ಹತ್ತುತ್ತಿದ್ದರೆ ದೀಪದ ಬೆಳಕೇ ಅದರ ಸೆನ್ಸರಿನ ಮೇಲೆ ಬೀಳುತ್ತಿರಬಹುದು, ಸೆನ್ಸರನ್ನು ಆಚೆ ತಿರುಗಿಸಿ. ಜನ ಬಂದಾಗ ಉರಿಯುವ ದೀಪ ಬೇಸಗೆಯ ಸೆಖೆಯಲ್ಲಿ ಮಂದವಾಗುವುದು ಸಹಜ. ಅದು ನೋಡುವುದು ಮೈಯ ಶಾಖಕ್ಕೂ ಸುತ್ತಲಿನ ಶಾಖಕ್ಕೂ ಇರುವ ವ್ಯತ್ಯಾಸವನ್ನು, ಸೆಖೆಯಲ್ಲಿ ಆ ವ್ಯತ್ಯಾಸವೇ ಕಡಿಮೆ.

ಒಂದು ಎಚ್ಚರಿಕೆ. ಡ್ರೈವರಿನ ಒಂದು ಬದಿ 12 ವೋಲ್ಟ್, ಇನ್ನೊಂದು ಬದಿ 230. ನಾನು ಮೇಲೆ ಹೇಳಿದ್ದೆಲ್ಲ 12 ವೋಲ್ಟಿನ ಬದಿಯದು. 230ರ ಬದಿಯ ಕೆಲಸ ತಿಳಿದವರದ್ದು, ಅದೂ ಎಂಸಿಬಿ ಇಳಿಸಿದ ಮೇಲೆ. ಡ್ರೈವರ್ ಮಳೆ ಬೀಳದ ಜಾಗದಲ್ಲೇ ಇರಬೇಕು, ಆ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ ಎಂದು ಮನೆಯಲ್ಲಿ ಕೇಳಿ. 12 ವೋಲ್ಟ್ ಶಾಕ್ ಹೊಡೆಯದಿದ್ದರೂ ಸಡಿಲ ಜಾಯಿಂಟಿನಲ್ಲಿ ಹೆಚ್ಚು ಕರೆಂಟ್ ಹರಿದರೆ ಅಲ್ಲಿ ಪ್ಲಾಸ್ಟಿಕ್ ಕರಗುವಷ್ಟು ಬಿಸಿಯಾಗಬಹುದು.

ಆರು ದೀಪಗಳ ಅಂಕಿಗಳನ್ನೂ ತಾರೀಕನ್ನೂ ಒಂದು ಚೀಟಿಯಲ್ಲಿ ಬರೆದು ಜಂಕ್ಷನ್ ಬಾಕ್ಸಿನ ಮುಚ್ಚಳದ ಒಳಗೆ ಅಂಟಿಸಿದ್ದೇನೆ. ಮುಂದಿನ ಮಳೆಗಾಲ ಮುಗಿದ ಮೇಲೆ ಮತ್ತೆ ಅಳೆದು ಹೋಲಿಸಬೇಕು. ಯಾವ ಎರಡು ದೀಪಗಳ ನಡುವಿನ ಅಂತರ ಹೆಚ್ಚಾಗಿದೆಯೋ ಅಗೆಯಬೇಕಾದದ್ದು ಅಲ್ಲಿ.